ಪೆಟಿಫರ್ಡನ ಮುಖದಲ್ಲೊಂದು ತೂತು

ಹಾರ್ಲೋ ಫೆರಿ, ಇಂಡಿಯಾನಾ
11 ಏಪ್ರಿಲ್ 1994

ಶ್ರೀಮತಿ ಫಿಂಚ್ ಅವರಿಗೆ,

ಬೇಸ್‌ಬಾಲ್ ಆಟಗಾರರ ಪಟದ ಕಾರ್ಡ್ ಕೂಡಿಡುವವರ ವಾರಪತ್ರಿಕೆಯ ಕೊನೆಯ ಪುಟದಲ್ಲಿ ನಿಮ್ಮ ಜಾಹೀರಾತು ಕಂಡೆ. ‘ಎಜ್ರಾ ಪೆಟಿಫರ್ಡ್, ಹಾರ್ಲೋ ಫೆರಿ ತಂಡ, 1954. ಅಂಚು ನೆಟ್ಟಗಿದೆ, ಬಣ್ಣ ಮಾಸಿಲ್ಲ. ಮುಖದಲ್ಲಿ ತೂತಿರುವುದರಿಂದ ಅಗ್ಗ’ ಎಂದಿದೆ. ಆ ಕಾರ್ಡು ನನಗೆ ಬೇಕು.

ನಾನು ವ್ಯಾಪಾರಿಯಲ್ಲ. ಆ ಪತ್ರಿಕೆಯನ್ನು ಓದುವಾಗಲೆಲ್ಲ ನನಗೆ ಹೇಸಿಗೆಯಾಗುತ್ತದೆ ಎಂಬುದನ್ನೂ ಮುಚ್ಚಿಡುವುದಿಲ್ಲ. ನಾವು ಚಿಕ್ಕವರಾಗಿದ್ದಾಗ ಕಾರ್ಡನ್ನು ಸೈಕಲ್ ಚಕ್ರಕ್ಕೆ ಸಿಕ್ಕಿಸಿ ಟರ್ರ್ ಎಂದು ಸದ್ದು ಮಾಡಿಸುತ್ತಿದ್ದೆವು. ಈಗ ವಕೀಲರೂ ಹಲ್ಲಿನ ಡಾಕ್ಟರುಗಳೂ ಅದನ್ನು ಪ್ಲಾಸ್ಟಿಕ್ ಗೋರಿಯೊಳಗೆ ಮುಚ್ಚಿ, ಭೂತಗನ್ನಡಿಯಲ್ಲಿ ಮೂಲೆ ಮೊಂಡಾಗಿದೆಯೇ ಎಂದು ನೋಡಿ, ಹತ್ತಕ್ಕೆ ಎಂಟು, ಹತ್ತಕ್ಕೆ ಒಂಬತ್ತು ಎಂದು ಅಂಕ ಹಾಕುತ್ತಾರೆ. ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸಿದ ಹಾಗೆ. ಆ ಆಟಗಾರ ಯಾರು, ಹೇಗೆ ಆಡಿದ, ಆಮೇಲೆ ಏನಾದ ಎಂದು ಕೇಳಿ ನೋಡಿ. ಒಬ್ಬನಿಗೂ ಗೊತ್ತಿರುವುದಿಲ್ಲ.

ನನ್ನ ಹತ್ತಿರ ಇರುವುದು ಒಂದೇ ಕಟ್ಟು. ನಮ್ಮೂರ ‘ಫೆರಿಮೆನ್’ ತಂಡದ 1954ರ ಕಾರ್ಡುಗಳು. ಇಲ್ಲಿನ ಹಂದಿಮಾಂಸದ ಕಾರ್ಖಾನೆ ಆ ವರ್ಷ ಸಾಸೇಜ್ ಪೊಟ್ಟಣದೊಳಗೆ ಒಂದೊಂದು ಕಾರ್ಡು ಹಾಕಿ ಮಾರುತ್ತಿತ್ತು. ಎಲ್ಲದಕ್ಕೂ ಜಿಡ್ಡಿನ ಕಲೆಯಿದೆ. ತಂಡದ ಎಲ್ಲರೂ ನನ್ನಲ್ಲಿದ್ದಾರೆ, ಪೆಟಿಫರ್ಡ್ ಒಬ್ಬನನ್ನು ಬಿಟ್ಟು. ನಲವತ್ತು ವರ್ಷ ಹುಡುಕಿದರೂ ಈ ಊರಿನ ಯಾವ ಅಟ್ಟದಲ್ಲೂ ಅವನ ಕಾರ್ಡು ಸಿಗಲಿಲ್ಲ.

ಒಂದೆರಡು ಪ್ರಶ್ನೆ. ತೂತು ದುಂಡಗಿದೆಯೇ, ಹರಿದಂತಿದೆಯೇ? ಮುಂದಿನಿಂದ ಚುಚ್ಚಿದ್ದೋ, ಹಿಂದಿನಿಂದಲೋ? ಸುತ್ತ ತುಕ್ಕಿನ ಕಲೆಯಿದೆಯೇ? ದಯವಿಟ್ಟು ಸರಿಯಾಗಿ ನೋಡಿ ಬರೆಯಿರಿ.

ನಿಮ್ಮ,
ಆರಿನ್ ಸ್ಟಾಡ್ಲರ್


ಟ್ಯೂಸಾನ್, ಅರಿಜೋನಾ
20 ಏಪ್ರಿಲ್ 1994

ಪ್ರಿಯ ಸ್ಟಾಡ್ಲರ್ ಅವರೇ,

ನಿಮ್ಮ ಪತ್ರ ಓದಿ ನಕ್ಕುಬಿಟ್ಟೆ. ನನ್ನ ಗಂಡನಿಗೂ ಓದಿ ಹೇಳಿದೆ. “ಗಿರಾಕೀನೇ ಅಂಗಡಿಯೋಳಿಗೆ ಬೈದು ಸಾಮಾನು ಕೇಳ್ತಾನಲ್ಲೇ! ಇಂಥೋನ್ನ ಬಿಡಬೇಡ, ದುಡ್ಡು ಸರಿಯಾಗಿ ಕೊಡ್ತಾನೆ” ಎಂದ. ಹತ್ತಕ್ಕೆ ಎಷ್ಟು ಎಂದು ಅಂಕ ಹಾಕಿಸುವವರ ಸಾಲಿನಲ್ಲಿ ನಾನೂ ಇದ್ದೇನೆ. ಹೊಟ್ಟೆಪಾಡು, ಏನು ಮಾಡುವುದು.

ತೂತು ದುಂಡಗೆ, ಚೊಕ್ಕಟವಾಗಿದೆ. ಮೂಗಿನ ಎಡಕ್ಕೆ, ಕೆನ್ನೆಯ ಮೇಲೆ. ಮುಂದಿನಿಂದಲೇ ಚುಚ್ಚಿದ್ದು, ಹಿಂದೆ ಕಾಗದ ಉಬ್ಬಿದೆ. ತುಕ್ಕಿನ ಕಲೆ ಉಂಟು. ನನಗನ್ನಿಸುವುದು, ಯಾವನೋ ಹುಡುಗ ಹಾಸಿಗೆಯ ಪಕ್ಕದ ಗೋಡೆಗೆ ಮೊಳೆ ಹೊಡೆದು ಇವನನ್ನು ತಗುಲಿಸಿಕೊಂಡಿದ್ದ. ಮುಖದ ಮೇಲೇ ಹೊಡೆಯಬೇಕಿತ್ತೇ ಪೆದ್ದ! ಆದರೆ ಮಕ್ಕಳ ಪ್ರೀತಿ ಹಾಗೇ ಅಲ್ಲವೇ, ಜಾಗ ನೋಡುವುದಿಲ್ಲ.

ಇನ್ನೊಂದು ಸಂಗತಿ ಕೇಳಿದರೆ ನಿಮಗೆ ಆಶ್ಚರ್ಯವಾದೀತು. ನಾನು ಹುಟ್ಟಿದ್ದೇ ನಿಮ್ಮೂರಲ್ಲಿ. ಕಾಲುವೆ ಬೀದಿಯಲ್ಲಿ ನಮ್ಮಪ್ಪನ ದಿನಸಿ ಅಂಗಡಿಯಿತ್ತು. ಗಸ್ ರಾಡಮಾಕರ್, ನೆನಪಿದೆಯೇ? ನಾನು ನಾಲ್ಕು ವರ್ಷದವಳಿದ್ದಾಗ, ಐವತ್ತನಾಲ್ಕರ ಚಳಿಗಾಲಕ್ಕೆ ಮೊದಲೇ, ಅಂಗಡಿ ಮುಚ್ಚಿ ಇಲ್ಲಿಗೆ ಬಂದೆವು. ಅಪ್ಪ ಆ ಊರಿನ ಬಗ್ಗೆ ಬಾಯಿ ಬಿಟ್ಟವರೇ ಅಲ್ಲ. ಹೋದ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಬೀರುವಿನಲ್ಲಿ ಚುರುಟಿನ ಡಬ್ಬಿಯೊಳಗೆ ಸಿಕ್ಕಿದ್ದು ಈ ಪೆಟಿಫರ್ಡ್. ಅಷ್ಟು ವರ್ಷ ಜೋಪಾನ ಮಾಡಿದ್ದಾರೆಂದರೆ ಅವನ ಆಟವೆಂದರೆ ಅಪ್ಪನಿಗೆ ಪ್ರಾಣವಿದ್ದಿರಬೇಕು. ನನಗೇ ಮಾರಲು ಮನಸ್ಸಿಲ್ಲ, ಆದರೆ ನಿಮ್ಮಂಥವರ ಮನೆ ಸೇರಿದರೆ ಸಂತೋಷ. ಇಂಥದ್ದು ಬೇರೆಲ್ಲಿ ಸಿಗುತ್ತದೆ ಹೇಳಿ?

ನೀವು ಅಪ್ಪನನ್ನು ಬಲ್ಲವರಾಗಿದ್ದರೆ ದಯವಿಟ್ಟು ಎರಡು ಮಾತು ಬರೆಯಿರಿ. ಅವರ ಆ ಕಾಲ ನನಗೆ ಬರೀ ಕತ್ತಲೆ.

ರೊಸಾಲಿನ್ ಫಿಂಚ್


ಹಾರ್ಲೋ ಫೆರಿ
9 ಮೇ 1994

ಶ್ರೀಮತಿ ಫಿಂಚ್ ಅವರಿಗೆ,

ಉತ್ತರ ತಡವಾಯಿತು. ಬರೆದು ಬರೆದು ಹರಿದೆ.

ನಿಮ್ಮ ತಂದೆಯನ್ನು ಬಲ್ಲೆ. ತೂಕದಲ್ಲಿ ಮೋಸ ಮಾಡಿದವರಲ್ಲ. ಅಂಗಡಿ ಚೊಕ್ಕಟವಾಗಿಟ್ಟಿದ್ದರು. ಅವರು ತೀರಿಕೊಂಡದ್ದು ತಿಳಿದು ವಿಷಾದವಾಯಿತು.

ಹಣ ಇದರೊಂದಿಗಿದೆ. ಕಾರ್ಡನ್ನು ಇದ್ದ ಹಾಗೇ ಕಳಿಸಿ. ಜಿಡ್ಡು ಒರೆಸಬೇಡಿ, ತುಕ್ಕು ಉಜ್ಜಬೇಡಿ, ಪ್ಲಾಸ್ಟಿಕ್ಕಿಗೆ ಹಾಕಬೇಡಿ. ನನಗೆ ಬೇಕಾದದ್ದೇ ಆ ತೂತು. ಯಾಕೆಂದು ಅರ್ಧದಷ್ಟಾದರೂ ಹೇಳಬೇಕು.

ಈ ಆಗಸ್ಟಿನಲ್ಲಿ ನಮ್ಮೂರು ಹಬ್ಬ ಮಾಡುತ್ತಿದೆ. ನಮ್ಮ ವಿಭಾಗದಲ್ಲೇ ಮೊದಲು ಕರಿಯ ಆಟಗಾರನನ್ನು ತಂಡಕ್ಕೆ ಸೇರಿಸಿಕೊಂಡ ಊರು ನಮ್ಮದು ಎಂಬುದಕ್ಕೆ ನಲವತ್ತು ವರ್ಷ ತುಂಬಿತಂತೆ. ‘ಎದೆ ತೆರೆದು ಸ್ವಾಗತಿಸಿದ ಊರು’ ಎಂದು ಬಟ್ಟೆಯ ಮೇಲೆ ಬರೆಸಿ ಮುಖ್ಯ ಬೀದಿಗೆ ಅಡ್ಡ ಕಟ್ಟಿದ್ದಾರೆ. ಆ ಆಟಗಾರನೇ ಎಜ್ರಾ ಪೆಟಿಫರ್ಡ್. ಅವನು ಸತ್ತು ಎಂಟು ವರ್ಷವಾಯಿತು. ಲೂಯಿವಿಲ್‌ನಲ್ಲಿರುವ ಅವನ ಅಕ್ಕ ವರ್ಲೀನ್ ಓಕ್ಸ್ ಅವರನ್ನು ಕರೆಸಿ, ಊಟ ಹಾಕಿ, ಸನ್ಮಾನದ ಫಲಕ ಕೊಡುತ್ತಾರಂತೆ. ಅವನು ಆಗಸ್ಟ್ ತಿಂಗಳ ನಡುವೆ ಆಟ ಬಿಟ್ಟು ಊರು ಬಿಟ್ಟದ್ದೇಕೆ? ‘ಮಂಡಿಯ ಗಾಯದಿಂದಾಗಿ’ ಎಂದು ಸಮಿತಿಯ ಪುಸ್ತಿಕೆ ಹೇಳುತ್ತದೆ.

ಆಗ ನಾನು ಇಲ್ಲಿನ ಪತ್ರಿಕೆಯಲ್ಲಿ ಆಟದ ವರದಿಗಾರ. ಅವನು ಊರು ಬಿಟ್ಟ ದಿನ ಬಸ್ ನಿಲ್ದಾಣದ ಬೆಂಚಿನ ಮೇಲೆ ಅವನ ಪಕ್ಕ ಕೂತಿದ್ದವನು ನಾನೊಬ್ಬನೇ. ಕಾರಣವನ್ನು ಅವನ ಬಾಯಿಂದಲೇ ಕೇಳಿದೆ. ಬರೆದೆ. ಸಂಪಾದಕ ಅದನ್ನು ಕಸದ ಬುಟ್ಟಿಗೆ ಹಾಕಿ, ಮಂಡಿ ಎಂದು ಅಚ್ಚು ಹಾಕಿದ. ಅಂದಿನಿಂದ ಊರಿಗೆಲ್ಲ ಹೇಳುತ್ತಿದ್ದೇನೆ. ಕಳೆದ ವಾರ ಕಾಫಿ ಅಂಗಡಿಯಲ್ಲಿ ಸಮಿತಿಯ ಅಧ್ಯಕ್ಷ ಡ್ವೈಟ್ ಹಾಲೆನ್‌ಬೆಕ್‌ನ ಜೊತೆ ಆದ ಮಾತು ಇದು:

“ಏನಯ್ಯಾ ಆರಿನ್, ಇನ್ನೂ ಅದೇ ಹಳೇ ರಾಗಾನಾ?”

“ಮಂಡಿ ಅಂತ ಬರೆಸಿದ್ದೀಯಲ್ಲ ಡ್ವೈಟ್, ಯಾವ ಮಂಡಿ? ಎಡದ್ದೋ ಬಲದ್ದೋ?”

“ಮಂಡಿ ಮಂಡೀನೇ ಕಣಯ್ಯಾ.”

“ಅವ್ನು ಪೆಟ್ಟಿಗೆ ಹೆಗಲ ಮೇಲಿಟ್ಕೊಂಡು ಓಡಿ ಹೋಗಿ ಬಸ್ ಹತ್ತಿದ್ದನ್ನ ನಾನೇ ನೋಡಿದೀನಿ.”

“ನಿನ್ನ ನೆನಪಿಗೇ ತೂತು ಬಿದ್ದಿದೆ. ಸಾಕ್ಷಿ ಇದ್ರೆ ತಾ, ಗಾಜಿನ ಪೆಟ್ಟಿಗೇಲಿ ನಾನೇ ಇಡ್ತೀನಿ. ಇಲ್ದಿದ್ರೆ ಕಾಫಿ ಕುಡಿದು ತೆಪ್ಪಗೆ ಮನೆಗೆ ಹೋಗು.”

ಎಲ್ಲರೂ ನಕ್ಕರು. ತರುತ್ತೇನೆ, ಹಬ್ಬಕ್ಕೆ ನಾನೇ ಕೊಡುತ್ತೇನೆ ಎಂದು ಎಲ್ಲರೆದುರು ಹೇಳಿ ಬಂದಿದ್ದೇನೆ. ಆ ಕಾರ್ಡೇ ನನ್ನ ಸಾಕ್ಷಿ. ಅದು ಸಿಗದಿದ್ದರೆ ನಾನು ಸಾಯುವವರೆಗೂ ಈ ಊರಿನ ಹುಚ್ಚ ಮುದುಕ, ಪೆಟಿಫರ್ಡ್ ಕುಂಟ.

ಉಳಿದರ್ಧವನ್ನು ನಿಮಗೆ ಬರೆಯಲಾರೆ. ಕೇಳಬೇಡಿ.

ಆರಿನ್ ಸ್ಟಾಡ್ಲರ್


ಟ್ಯೂಸಾನ್
31 ಮೇ 1994

ಪ್ರಿಯ ಸ್ಟಾಡ್ಲರ್ ಅವರೇ,

ಕಾರ್ಡು ಕಳಿಸುವುದು ತಡವಾದದ್ದಕ್ಕೆ ಬೈಯಬೇಡಿ. ಕಾರಣ ತಿಳಿದರೆ ನೀವೇ ಮೆಚ್ಚುತ್ತೀರಿ.

‘ತೂಕದಲ್ಲಿ ಮೋಸ ಮಾಡಿದವರಲ್ಲ’ ಎಂಬ ಮಾತನ್ನು ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವಳು ಫೋನ್ ಇಟ್ಟುಬಿಟ್ಟಳು. ಅತ್ತಳೇನೋ. ಇಷ್ಟು ಒಳ್ಳೆಯ ಮಾತು ಬರೆದವರಿಗೆ ತೂತು ಬಿದ್ದ ಕಾರ್ಡು ಕಳಿಸಲು ನನಗೆ ಮನಸ್ಸಾಗಲಿಲ್ಲ. ತೂತೇ ಬೇಕು, ಒರೆಸಬೇಡಿ, ಉಜ್ಜಬೇಡಿ ಎಂದೆಲ್ಲ ಬರೆದಿರಿ. ನಾನು ಈ ಕಸುಬಿನಲ್ಲಿ ತುಂಬ ಮುದುಕರನ್ನು ನೋಡಿದ್ದೇನೆ. ಒಳ್ಳೆಯ ಸಾಮಾನಿಗೆ ಕೈಯಲ್ಲಿ ಕಾಸಿಲ್ಲದವರು ‘ನನಗೆ ಹಾಳಾದದ್ದೇ ಇಷ್ಟ’ ಎನ್ನುತ್ತಾರೆ. ನಿಮ್ಮ ಬಿಗುಮಾನ ನನಗೆ ಅರ್ಥವಾಗುತ್ತದೆ.

ಅಲ್ಲದೆ ಅವನ ಅಕ್ಕ ಬರುತ್ತಾರೆಂದು ಬರೆದಿದ್ದೀರಿ. ಒಡಹುಟ್ಟಿದವಳು ಗಾಜಿನ ಪೆಟ್ಟಿಗೆಯಲ್ಲಿ ತಮ್ಮನ ಕೆನ್ನೆಗೆ ತೂತು ಬಿದ್ದದ್ದನ್ನು ನೋಡಬೇಕೇ? ಅದನ್ನು ನೆನೆದು ನನಗೆ ನಿದ್ದೆ ಬರಲಿಲ್ಲ.

ಅದಕ್ಕೇ ಕ್ಯಾಲಿಫೋರ್ನಿಯಾದಲ್ಲಿ ಕಾರ್ಡು ಸರಿಪಡಿಸುವ ಒಬ್ಬನಿಗೆ ಕಳಿಸಿದ್ದೆ. ಆ ಕಾಲದ್ದೇ ಬೇರೆ ಅಗ್ಗದ ಕಾರ್ಡನ್ನು ನೀರಲ್ಲಿ ನೆನೆಸಿ ಹಿಟ್ಟು ಮಾಡಿ ತೂತಿಗೆ ತುಂಬುತ್ತಾನೆ, ಮೇಲೆ ಕೂದಲೆಳೆಯಂಥ ಕುಂಚದಿಂದ ಬಣ್ಣ ಕೂಡಿಸುತ್ತಾನೆ. ಬೆಳಕಿಗೆ ಹಿಡಿದರೂ ಕಾಣುವುದಿಲ್ಲ. ಜಿಡ್ಡೂ ಹೋಗಿದೆ. ಪೆಟಿಫರ್ಡ್ ನಿನ್ನೆ ತೆಗೆಸಿಕೊಂಡ ಪಟದ ಹಾಗಿದ್ದಾನೆ! ಇದಕ್ಕೆ ನೀವೇನೂ ಕೊಡಬೇಕಾಗಿಲ್ಲ. ಅಪ್ಪನ ಹೆಸರಿನಲ್ಲಿ ನನ್ನ ಕಾಣಿಕೆ.

ನಿಮ್ಮ,
ರೊಸಾಲಿನ್


ಹಾರ್ಲೋ ಫೆರಿ
7 ಜೂನ್ 1994

ಶ್ರೀಮತಿ ಫಿಂಚ್,

ನೀವು ಕಳಿಸಿದ ಕಟ್ಟನ್ನು ನಾನು ಮನೆಯಲ್ಲಿ ಬಿಚ್ಚಲಿಲ್ಲ. ಅಂಚೆಯವನ ಕೈಯಿಂದ ತೆಗೆದುಕೊಂಡು ನೇರ ಕಾಫಿ ಅಂಗಡಿಗೆ ಹೋದೆ. ಹಾಲೆನ್‌ಬೆಕ್ ಇದ್ದ, ಅವನ ಪಟಾಲಮ್ಮೂ ಇತ್ತು. “ಸಾಕ್ಷಿ ಕೇಳಿದ್ಯಲ್ಲ, ನೋಡು” ಎಂದು ಮೇಜಿನ ಮೇಲೆ ಇಟ್ಟು ಬಿಚ್ಚಿದೆ. ಅವನು ಕನ್ನಡಕ ಹಾಕಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ.

“ಎಲ್ಲಯ್ಯಾ ತೂತು?”

ನಾನು ಕಿತ್ತುಕೊಂಡು ನೋಡಿದೆ. ಹಲ್ಲು ಕಿಸಿದುಕೊಂಡು ಹೊಸ ಮದುಮಗನ ಹಾಗೆ ಹೊಳೆಯುತ್ತಿದ್ದಾನೆ ಎಜ್ರಾ.

“ಇತ್ತು. ಮುಚ್ಚಿಬಿಟ್ಟಿದಾಳೆ” ಎಂದೆ.

“ಹೂಂ ಹೂಂ, ಇತ್ತು ಇತ್ತು” ಎಂದ ಅವನು, ಮಗುವಿಗೆ ಹೇಳುವ ಹಾಗೆ. “ಹೋಗ್ಲಿ ಬಿಡು ಆರಿನ್, ಎಷ್ಟು ಚೆಂದದ ಪಟ ತಂದ್ಕೊಟ್ಟೆ. ಹಬ್ಬಕ್ಕೆ ಕೊಡ್ತೀನಿ ಅಂದಿದ್ಯಲ್ಲ, ಮಾತು ಮಾತೇ. ಇದನ್ನೇ ದೊಡ್ಡದು ಮಾಡ್ಸಿ ವೇದಿಕೆಗೆ ಹಾಕ್ತೀವಿ.” ಕಾರ್ಡು ಅವನ ಜೇಬು ಸೇರಿತು. ಒಬ್ಬ ನನ್ನ ಬೆನ್ನು ಬೇರೆ ತಟ್ಟಿದ. ಸುಳ್ಳಿಗೆ ಒಂದು ಮುಖ ಬೇಕಿತ್ತು. ನಾನೇ ದುಡ್ಡು ಕೊಟ್ಟು ತಂದುಕೊಟ್ಟೆ.

ನಿಮ್ಮ ಮನಸ್ಸು ನೋಯಬಾರದೆಂದು ಉಳಿದರ್ಧವನ್ನು ಬರೆದಿರಲಿಲ್ಲ. ಈಗ ಓದಿ.

ಅದು ಗೋಡೆಯ ಮೊಳೆಯಲ್ಲ. ನಿಮ್ಮ ತಂದೆಯ ಗಲ್ಲಾಪೆಟ್ಟಿಗೆಯ ಪಕ್ಕ, ಚೀಟಿ ಚುಚ್ಚಿಡುವ ಕಬ್ಬಿಣದ ಕಂಬಿಯಿತ್ತು. ಸಾಸೇಜ್ ಕೊಂಡವರು ಅಲ್ಲೇ ಪೊಟ್ಟಣ ಬಿಡಿಸಿ ಯಾರ ಕಾರ್ಡು ಬಂತೆಂದು ನೋಡುವುದು ಊರಿನ ರೂಢಿ. ಬೇರೆಯವರದಾದರೆ ಜೇಬಿಗೆ. ಪೆಟಿಫರ್ಡನದಾದರೆ, “ಗಸ್, ಇವನ್ನ ನೀನೇ ಇಟ್ಕೊ, ನನ್ನ ಮನೆ ಊಟದ ಮೇಜಿಗೆ ಬೇಡ” ಎಂದು ಮುಖದ ಮೇಲೇ ಕಂಬಿಗೆ ಸಿಕ್ಕಿಸಿ ಹೋಗುವುದು. ಮೊದಲು ಯಾರೋ ಒಬ್ಬರು ಮಾಡಿದರು. ಆಮೇಲೆ ಅದೊಂದು ತಮಾಷೆಯಾಯಿತು. ಚರ್ಚಿನಿಂದ ಬಂದ ಹೆಂಗಸರು, ಬ್ಯಾಂಕಿನ ಗುಮಾಸ್ತರು, ಸಂಜೆಯ ಆಟದಲ್ಲಿ ಅವನ ಹೊಡೆತಕ್ಕೆ ಎದ್ದು ನಿಂತು ಕೂಗಿದವರು, ಅವರೇ. ಕೈ ತಪ್ಪಿ ಹಣೆಗೆ ಚುಚ್ಚಿದರೆ ನಗು. ಸರಿಯಾಗಿ ಕೆನ್ನೆಗೇ ಚುಚ್ಚಬೇಕು, ಹಿಂದಿನದರ ಮೇಲೆ ಕೂರಬೇಕು.

ಒಂದು ದಿನ ಎಜ್ರಾನೇ ಕಾಫಿಪುಡಿ ಕೊಳ್ಳಲು ಒಳಗೆ ಹೋದ. ಕಂಬಿಯ ತುಂಬ ತನ್ನ ಮುಖ, ಒಂದರ ಮೇಲೊಂದು. ಬೆಂಚಿನ ಮೇಲೆ ಕೂತು ನನಗೆ ಹೇಳಿದ: “ಮೈದಾನದಲ್ಲಿ ಬೈತಾರೆ ಆರಿನ್, ಅದು ಲೆಕ್ಕಕ್ಕಿಲ್ಲ. ಬೈಯೋನು ನನ್ನ ಮುಖ ನೋಡಿ ಬೈತಾನೆ. ಇವ್ರು ಮಾತೇ ಆಡ್ಲಿಲ್ಲ. ನಾನು ನಿಂತಿರೋವಾಗ್ಲೇ ಒಬ್ಬಮ್ಮ ಬಂದು ಇನ್ನೊಂದು ಸಿಕ್ಕಿಸಿ, ನಂಗೆ ‘ನಮಸ್ಕಾರ’ ಅಂದು ಹೋದ್ಲು.” ನಿಮ್ಮ ತಂದೆಯನ್ನು ಕೇಳಿದನಂತೆ. “ನನ್ನ ಕೈಯಲ್ಲೇನಿದೆಯಪ್ಪ, ಗಿರಾಕಿಗಳು” ಎಂದರಂತೆ. ಕಾಫಿಪುಡಿಯನ್ನು ಸರಿಯಾಗಿ ತೂಗಿ ಕೊಟ್ಟರಂತೆ.

ತೂಕದಲ್ಲಿ ಮೋಸವಿಲ್ಲ ಎಂದು ನಾನು ಬರೆದದ್ದು ಅದನ್ನು. ಈ ಊರಿನ ಜಿಡ್ಡನ್ನೂ ತುಕ್ಕನ್ನೂ ಒರೆಸಿ, ಅದಕ್ಕೆ ಕಾಣಿಕೆ ಎಂದು ಹೆಸರಿಟ್ಟಿದ್ದೀರಿ.

ಆ. ಸ್ಟಾಡ್ಲರ್


ಟ್ಯೂಸಾನ್
14 ಜೂನ್ 1994

ಸ್ಟಾಡ್ಲರ್ ಅವರಿಗೆ,

ನಿಮ್ಮ ಹಣ ಇದರೊಳಗಿದೆ. ಸತ್ತವರಿಗೆ ಉತ್ತರ ಕೊಡಲು ಬಾಯಿಲ್ಲ ಎಂದು ಏನು ಬೇಕಾದರೂ ಬರೆಯಬಹುದೇ? ಸಾಕ್ಷಿಯಿಲ್ಲದೆ ಮಾತಾಡುತ್ತೀರೆಂದು ನಿಮ್ಮೂರಿನವರು ಹೇಳಿದ್ದರಲ್ಲಿ ತಪ್ಪೇನಿದೆ? ಇನ್ನು ನನಗೆ ಬರೆಯಬೇಡಿ.

ರೊ. ಫಿಂಚ್


ಹಾರ್ಲೋ ಫೆರಿ
22 ಜುಲೈ 1994

ಶ್ರೀಮತಿ ಫಿಂಚ್ ಅವರಿಗೆ,

ಬರೆಯಬೇಡಿ ಎಂದಿರಿ. ಇದೊಂದನ್ನು ಬರೆದು ನಿಲ್ಲಿಸುತ್ತೇನೆ.

ಬರೆದದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಆದರೆ ಮಗಳಿಗೆ ಹಾಗೆ ಬರೆಯಬಾರದಿತ್ತು. ಮೊದಲೇ ಹೇಳಿದ್ದರೆ ನೀವು ತೂತು ಮುಚ್ಚಿಸುತ್ತಿರಲಿಲ್ಲವೇನೋ. ನಿಮ್ಮನ್ನು ಬೈದ ಆ ತಪ್ಪಿನಲ್ಲಿ ನನ್ನ ಪಾಲೂ ಇದೆ. ಈ ವಯಸ್ಸಿಗೆ ಸಿಟ್ಟೊಂದೇ ಬೇಗ ಬರುವುದು.

ಮುಖ್ಯ ಬೀದಿಯಲ್ಲಿ ಕಾಲಿಡಲು ಅಸಹ್ಯವಾಗುತ್ತದೆ. ನೀವು ಕಳಿಸಿದ ಮುಖ ಬಾಗಿಲಿನಷ್ಟು ದೊಡ್ಡದಾಗಿ ನೇತಾಡುತ್ತಿದೆ. ಬೇಕರಿಯವಳು ಅದನ್ನೇ ಬಿಸ್ಕತ್ತಿನ ಮೇಲೆ ಸಕ್ಕರೆಯಲ್ಲಿ ಬರೆದು ಮಾರುತ್ತಿದ್ದಾಳೆ. ಜನ ಕಚ್ಚಿ ತಿನ್ನುತ್ತಾರೆ. ದೊಡ್ಡ ತಂಡಗಳ ಆಟಗಾರರೂ ಮಾಲೀಕರೂ ದುಡ್ಡಿಗೆ ಜಗಳವಾಡಿ ಈ ವರ್ಷದ ಆಟವೇ ನಿಲ್ಲುವಂತಿದೆ ಎಂದು ರೇಡಿಯೊ ಹೇಳುತ್ತಿದೆ. ನಿಂತರೆ ನಿಲ್ಲಲಿ. ಈ ಆಟಕ್ಕೆ ನಾನು ಅಳುವುದಿಲ್ಲ.

ಆಗಸ್ಟ್ ಇಪ್ಪತ್ತನೆಯ ತಾರೀಖಿನ ಊಟಕ್ಕೆ ವರ್ಲೀನ್ ಓಕ್ಸ್ ಒಪ್ಪಿಕೊಂಡಿದ್ದಾರಂತೆ. ಅವರಿಗೆ ಬರೆದು ಎಲ್ಲ ಹೇಳೋಣವೆಂದುಕೊಂಡೆ. ಕೈಯಲ್ಲಿ ಏನೂ ಇಲ್ಲದೆ ಏನೆಂದು ಬರೆಯಲಿ? ನಿಮ್ಮ ಮೌನ ನನಗೆ ಅರ್ಥವಾಗುತ್ತದೆ. ನಿಮಗೆ ಅಪ್ಪ ಮುಖ್ಯ. ಇರಲಿ.

ಆರಿನ್ ಸ್ಟಾಡ್ಲರ್


ಟ್ಯೂಸಾನ್
10 ಆಗಸ್ಟ್ 1994

ಸ್ಟಾಡ್ಲರ್ ಅವರೇ,

ನನ್ನ ಮೌನ ನಿಮಗೆ ಅರ್ಥವಾಗಿಲ್ಲ.

ಒಂದು ವಿಷಯವನ್ನು ನಾನು ನಿಮ್ಮಿಂದ ಮುಚ್ಚಿಟ್ಟಿದ್ದೆ. ಚುರುಟಿನ ಡಬ್ಬಿಯಲ್ಲಿ ಇದ್ದದ್ದು ಒಂದು ಪೆಟಿಫರ್ಡ್ ಅಲ್ಲ. ಒಂದು ಹಿಡಿ. ನಮ್ಮ ಕಸುಬಿನಲ್ಲಿ ಒಂದೇ ಇದ್ದರೆ ಬೆಲೆ, ಹಿಡಿ ಇದ್ದರೆ ಕಸ. ಅದಕ್ಕೇ ಒಂದನ್ನು ಹೊರಬಿಟ್ಟು, ಗಿರಾಕಿ ಸಿಕ್ಕ ಮೇಲೆ ವರ್ಷ ಬಿಟ್ಟು ಇನ್ನೊಂದು ಬಿಡುವುದು ರೀತಿ. ಎಲ್ಲದಕ್ಕೂ ತೂತಿತ್ತು. ಹಳೆಯ ಕಾರ್ಡುಗಳಿಗೆ ಇರುವಂಥದ್ದೇ ಎಂದುಕೊಂಡೆ. ಯೋಚಿಸಲಿಲ್ಲ. ಯೋಚಿಸಬಾರದೆಂದೇ ಯೋಚಿಸಲಿಲ್ಲವೇನೋ.

ನಿಮಗೆ ಆ ಸಿಟ್ಟಿನ ಪತ್ರವನ್ನು ಅಂಚೆಗೆ ಹಾಕಿ ಬಂದ ದಿನ ನಿಮ್ಮನ್ನು ಸುಳ್ಳುಗಾರ ಎಂದು ತೋರಿಸಬೇಕೆಂದು ಅವನ್ನೆಲ್ಲ ಹೊರಗೆ ತೆಗೆದು ಒಂದರ ಮೇಲೊಂದು ಜೋಡಿಸಿದೆ. ಸ್ವೆಟರ್ ಹೆಣೆಯುವ ಕಡ್ಡಿಯನ್ನು ಮೇಲಿನದರ ತೂತಿಗೆ ಇಟ್ಟೆ. ಎಲ್ಲೂ ತಡೆಯದೆ ಕೆಳಗಿನ ಮೇಜಿಗೆ ಹೋಗಿ ತಾಗಿತು. ಯಾವ ಹುಡುಗನೂ ಒಂದೇ ಮುಖವನ್ನು ಅಷ್ಟು ಸಲ ಗೋಡೆಗೆ ಹೊಡೆಯುವುದಿಲ್ಲ.

ಅಮ್ಮನ ಬಳಿಗೆ ತೆಗೆದುಕೊಂಡು ಹೋದೆ. ನೋಡಿದವಳೇ ಮುಖ ತಿರುಗಿಸಿದಳು.

“ಇನ್ನೂ ಇದಾವಾ ಅವು? ಎಸೀರಿ ಅಂತ ಬಡ್ಕೊಂಡೆ.”

“ಅಪ್ಪ ಯಾಕೆ ಇಟ್ಕೊಂಡಿದ್ರಮ್ಮ? ಪಶ್ಚಾತ್ತಾಪಕ್ಕಾ?” ನಾನು ಅದನ್ನೇ ಆಸೆಪಟ್ಟಿದ್ದೆ, ಸ್ಟಾಡ್ಲರ್ ಅವರೇ. ಆಸೆಪಟ್ಟು ಕೇಳಿದೆ.

“ಪಶ್ಚಾತ್ತಾಪಾನಾ! ‘ಈ ಹುಡುಗ ದೊಡ್ಡ ತಂಡಕ್ಕೆ ಹೋಗೇ ಹೋಗ್ತಾನೆ, ಆಮೇಲೆ ಇವಕ್ಕೆ ಬೆಲೆ ಬರತ್ತೆ’ ಅಂತ. ಪ್ರತಿ ರಾತ್ರಿ ಕಂಬಿಯಿಂದ ಬಿಡಿಸಿ ಬಿಡಿಸಿ ಡಬ್ಬಿಗೆ ಹಾಕೋರು. ಬೆಳಿಗ್ಗೆ ಕಂಬಿ ಖಾಲಿ ಇಡೋರು.”

“ಊರು ಯಾಕೆ ಬಿಟ್ವಿ?”

“ಅವ್ನು ಹೋದ್ಮೇಲೆ ತಂಡ ಸೋಲ್ತಾನೇ ಬಂತು. ನಿಮ್ಮಪ್ಪನ ಅಂಗಡೀಲಿ ಮನಸ್ಸು ಕೆಡಿಸ್ಕೊಂಡು ಹೋದ, ನಿಮ್ಮಪ್ಪನಿಂದ್ಲೇ ಸೋತಿದ್ದು ಅಂತ ಅದೇ ಗಿರಾಕಿಗಳು ಬರೋದು ಬಿಟ್ರು. ಚುಚ್ಚಿದ ಕೈಗಳೇ.”

ಮನೆಗೆ ಬಂದು ಕೈ ತೊಳೆದೆ. ಎಷ್ಟು ತೊಳೆದರೂ ಹಂದಿ ಕೊಬ್ಬಿನ ವಾಸನೆ ಹೋದ ಹಾಗನ್ನಿಸಲಿಲ್ಲ. ಅಪ್ಪ ಕಾದದ್ದು ಬೆಲೆಗಾಗಿ. ನಾನು ಒಂದೊಂದಾಗಿ ಬಿಡುತ್ತಿದ್ದದ್ದೂ ಬೆಲೆಗಾಗಿ. ಅವರ ತಕ್ಕಡಿಯನ್ನೇ ನಾನೂ ಹಿಡಿದಿದ್ದೆ.

ನಿಮಗೆ ಕಳಿಸೋಣವೆಂದುಕೊಂಡೆ. ಆದರೆ ನೀವು ಕಾಫಿ ಅಂಗಡಿಗೆ ಹೋಗಿ ಬಿಚ್ಚುತ್ತೀರಿ! ಮತ್ತೆ ಗೆಲುವು ನಿಮ್ಮದಾಗುತ್ತದೆ, ಸೋಲು ಅವರದು. ಎಜ್ರಾನ ಕಡೆಯವರಿಗೇನು? ಲೂಯಿವಿಲ್‌ನ ಟೆಲಿಫೋನ್ ವಿಚಾರಣೆಯಲ್ಲಿ ನಂಬರು ಕೇಳಿ ವರ್ಲೀನ್ ಓಕ್ಸ್ ಅವರಿಗೆ ಫೋನ್ ಮಾಡಿದೆ. ಯಾರ ಮಗಳು ಎಂಬುದನ್ನೇ ಮೊದಲು ಹೇಳಿದೆ. ಎಲ್ಲವನ್ನೂ ಹೇಳಿ, ಕಾರ್ಡುಗಳನ್ನು ಕಳಿಸಲೇ ಎಂದೆ. ಆಮೇಲೆ ಕೇಳಿದರು:

“ಮಾರೋದಿಲ್ವೇನಮ್ಮ?”

“ಇಲ್ಲ.”

“ಯಾಕೆ, ತೂತಾಗಿದೆ ಅಂತಾನಾ?”

ಉತ್ತರಕ್ಕೂ ಕಾಯಲಿಲ್ಲ. “ಕಳ್ಸು” ಎಂದರು. “ಒರೆಸಬೇಡ.”

ಕಳಿಸಿದ್ದೇನೆ. ಏನು ಮಾಡುತ್ತಾರೋ ಅವರಿಗೇ ಬಿಟ್ಟದ್ದು. ನೀವು ಊಟಕ್ಕೆ ಹೋಗುವುದಿಲ್ಲ ಎಂದು ಹಟ ಹಿಡಿಯಬೇಡಿ. ಹೋಗಿ, ನೋಡಿ, ನನಗೆ ಬರೆಯಿರಿ. ಬರಲು ನನಗೆ ಮುಖವಿಲ್ಲ.

ರೊಸಾಲಿನ್


ಹಾರ್ಲೋ ಫೆರಿ
23 ಆಗಸ್ಟ್ 1994

ಪ್ರಿಯ ರೊಸಾಲಿನ್,

ಹೋಗಿದ್ದೆ.

ಮೈದಾನದಲ್ಲಿ ಚಪ್ಪರ ಹಾಕಿ ಉದ್ದನೆಯ ಮೇಜುಗಳನ್ನು ಜೋಡಿಸಿದ್ದರು. ಸಾಸೇಜು, ಬೇಯಿಸಿದ ಜೋಳ, ಆಲೂಗಡ್ಡೆ ಸಲಾಡು. ವೇದಿಕೆಯ ಮೇಲೆ ಎಜ್ರಾನ ದೊಡ್ಡ ಮುಖ. ಹಾಲೆನ್‌ಬೆಕ್ ಎದೆ ತೆರೆದು ಸ್ವಾಗತಿಸಿದ ಕತೆಯನ್ನು ಓದಿ, ಮಂಡಿಯ ಬಳಿ ಬಂದಾಗ ಕಣ್ಣು ಒರೆಸಿಕೊಂಡ. ನಿಜವಾಗಿಯೂ ನೀರು ಬಂದಿತ್ತು. ಅದೇ ಅಸಹ್ಯ. ಅವನು ಸುಳ್ಳು ಹೇಳುತ್ತಿಲ್ಲ, ನಂಬಿಬಿಟ್ಟಿದ್ದಾನೆ.

ವರ್ಲೀನ್ ಅವರು ಚರ್ಚಿಗೆ ಹಾಕುವ ನೀಲಿ ಹ್ಯಾಟು ಹಾಕಿಕೊಂಡು ಬಂದಿದ್ದರು. ಎಪ್ಪತ್ತು ದಾಟಿರಬೇಕು, ನೆಟ್ಟಗೆ ನಡೆಯುತ್ತಾರೆ. ಫಲಕ ತೆಗೆದುಕೊಂಡರು, ಚಪ್ಪಾಳೆ ನಿಲ್ಲುವವರೆಗೂ ಕಾದರು. ಆಮೇಲೆ ಕೈಚೀಲದಿಂದ ಆ ಹಿಡಿಯನ್ನು ತೆಗೆದರು. ದನಿ ಏರಿಸಲಿಲ್ಲ.

“ಊಟಕ್ಕೆ ಕರೆದ್ರಿ, ಸಂತೋಷ. ಬರಿಗೈಲಿ ಬರಬಾರ್ದು ಅಂತ ನಿಮ್ಮದನ್ನ ನಿಮಗೆ ತಂದಿದೀನಿ. ಅಂಗಡೀಲಿ ಯಾರಾದ್ರೂ ಸಾಮಾನು ಬಿಟ್ಟು ಹೋದ್ರೆ ಅಂಗಡಿಯೋರು ಎತ್ತಿಡ್ತಾರೆ. ಐವತ್ನಾಲ್ಕರಲ್ಲಿ ಸಾಸೇಜ್ ಕೊಂಡು ಇವನ್ನ ನೀವು ರಾಡಮಾಕರ್ ಅಂಗಡಿ ಕಂಬೀಲಿ ಬಿಟ್ಟು ಹೋಗಿದ್ರಿ. ಅವರ ಮಗಳು ತಲುಪ್ಸಿದಾಳೆ. ನನ್ನ ತಮ್ಮನದೇ ಮುಖ, ಆದ್ರೂ ನಾನು ಇಟ್ಕೊಳ್ಳೋ ಹಾಗಿಲ್ಲ. ದುಡ್ಡು ಕೊಟ್ಟೋರು ನೀವು.”

ಇಷ್ಟೇ. ಮೆಟ್ಟಿಲಿಳಿದು ಮೇಜಿನಿಂದ ಮೇಜಿಗೆ ಹೋದರು. ವಯಸ್ಸಾದವರ ಮುಂದೆ, ಒಬ್ಬೊಬ್ಬರ ತಟ್ಟೆಯ ಪಕ್ಕ ಒಂದೊಂದು ಕಾರ್ಡು ಇಟ್ಟರು. ಬಡಿಸುವವರ ಹಾಗೆ, ಬಗ್ಗಿ, ನಿಧಾನವಾಗಿ. ಬ್ಯಾಂಕಿನಿಂದ ನಿವೃತ್ತನಾದ ಒಬ್ಬ “ನಾನಲ್ಲಮ್ಮ” ಎನ್ನಲು ಹೋದ. ಅವನ ಹೆಂಡತಿ ಮೊಣಕೈಯಿಂದ ತಿವಿದು, “ಸುಮ್ನೆ ತಗೊಳ್ರೀ” ಎಂದಳು. ಚರ್ಚಿನ ಭಾನುವಾರದ ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಕೆ ಕಾರ್ಡನ್ನು ಬೋರಲು ಹಾಕಿದಳು. ಹಿಂದಿನ ತೂತು ಕಾಣಿಸಿತು. ಮತ್ತೆ ತಿರುಗಿಸಿದಳು. ಹಾಲೆನ್‌ಬೆಕ್‌ಗೂ ಒಂದು ಬಂತು. ಆ ಕಾಲಕ್ಕೆ ಅವನು ಅಪ್ಪನ ಜೊತೆ ಅಂಗಡಿಗೆ ಬರುತ್ತಿದ್ದವನು. ತಾನು ಹಾಕಿಸಿದ ದೊಡ್ಡ ಪಟವನ್ನೂ ಮುಂದಿದ್ದ ಕಾರ್ಡನ್ನೂ ನೋಡಿದ. “ಆರಿನ್...” ಎಂದು ನನ್ನ ಕಡೆ ತಿರುಗಿದ. ನಾನು ಸಹಾಯ ಮಾಡಲಿಲ್ಲ.

ಆ ಗಳಿಗೆಯಲ್ಲಿ ನನ್ನಷ್ಟು ಸುಖಿ ಯಾರೂ ಇರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಕೈಕಟ್ಟಿ ಕೂತು ನೋಡುತ್ತಿದ್ದೆ. ಅಷ್ಟರಲ್ಲಿ ಅವರು ನನ್ನ ಮೇಜಿಗೆ ಬಂದು, ನನ್ನ ತಟ್ಟೆಯ ಪಕ್ಕವೂ ಒಂದನ್ನು ಇಟ್ಟರು.

“ನಾನು ಸ್ಟಾಡ್ಲರ್ ಅಮ್ಮ” ಎಂದೆ. “ಪತ್ರಿಕೆಗೆ ಬರೆದೋನು ನಾನೇ. ಅವರು ಹಾಕ್ಲಿಲ್ಲ.”

“ಗೊತ್ತು. ಎಜ್ರಾ ನಿಮ್ಮ ಹೆಸರು ಹೇಳ್ತಿದ್ದ, ಒಳ್ಳೆ ಮನುಷ್ಯ ಅಂತ. ಹಾಕ್ದೆ ಇದ್ಮೇಲೆ ಏನು ಮಾಡಿದ್ರಿ?”

“ಅಲ್ಲೇ ಕೆಲಸ ಮಾಡ್ದೆ.”

“ದಿನಸಿ ಎಲ್ಲಿ ತರ್ತಿದ್ರಿ?”

ಕಾಲುವೆ ಬೀದಿಯಲ್ಲಿ ಬೇರೆ ಅಂಗಡಿ ಇರಲಿಲ್ಲ. ಅದನ್ನು ಹೇಳಬಹುದಿತ್ತು. “ರಾಡಮಾಕರ್ ಅಂಗಡೀಲಿ” ಎಂದಷ್ಟೇ ಅಂದೆ.

“ಹಾಗಾದ್ರೆ ತಗೊಳ್ಳಿ” ಎಂದು ಮುಂದಿನ ಮೇಜಿಗೆ ಹೋದರು.

ಊಟ ಮಾಡದೆ ಹೊರಟರು. ಲೂಯಿವಿಲ್ ಬಸ್ಸಿನವರೆಗೂ ಅವರ ಹಿಂದೆ ನಡೆದು ಹೋದೆ. ಪಕ್ಕದಲ್ಲಿ ನಡೆಯುವ ಧೈರ್ಯವಾಗಲಿಲ್ಲ. ಹಿಂತಿರುಗಿ ಬಂದಾಗ ಚಪ್ಪರ ಖಾಲಿ. ಸಾಸೇಜುಗಳು ತಟ್ಟೆಯಲ್ಲೇ ಜಿಡ್ಡುಗಟ್ಟಿದ್ದವು. ನಾನು ಒಂದೊಂದು ಮೇಜನ್ನೂ, ಮೇಜಿನ ಕೆಳಗಿನ ಹುಲ್ಲನ್ನೂ, ಕಸದ ಡಬ್ಬಿಗಳನ್ನೂ ನೋಡಿದೆ. ಒಂದು ಕಾರ್ಡೂ ಉಳಿದಿರಲಿಲ್ಲ. ಪ್ರತಿಯೊಬ್ಬರೂ ತಮ್ಮದನ್ನು ಜೇಬಿಗೆ, ಚೀಲಕ್ಕೆ ಹಾಕಿಕೊಂಡು ಹೋಗಿದ್ದಾರೆ. ಇಟ್ಟುಕೊಳ್ಳಲೋ, ಸುಟ್ಟುಬಿಡಲೋ ನನಗೆ ಗೊತ್ತಿಲ್ಲ. ಮುಖ್ಯ ಬೀದಿಯ ಬಟ್ಟೆಯನ್ನು ಮಾತ್ರ ಇನ್ನೂ ಬಿಚ್ಚಿಲ್ಲ.

ನಿಮ್ಮದು ದೇಶದ ನಾಲ್ಕೂ ಮೂಲೆಯ ಜಾಹೀರಾತು ನೋಡುವ ಕಸುಬು. ಒಂದು ಉಪಕಾರ ಮಾಡಿ. ಈ ವರ್ಷದೊಳಗೆ ಹಾರ್ಲೋ ಫೆರಿಯಿಂದ ಯಾರಾದರೂ ‘ಪೆಟಿಫರ್ಡ್, ಮುಖದಲ್ಲಿ ತೂತು, ಅಪರೂಪ’ ಎಂದು ಮಾರಾಟಕ್ಕಿಟ್ಟರೆ, ಮಾರಿದವರ ಹೆಸರನ್ನು ನನಗೆ ಬರೆದು ಕಳಿಸಿ.

ಆರಿನ್ ಸ್ಟಾಡ್ಲರ್